ಬೆಳಗಾದರೆ ಮರೆಯುವ ಕಾರು

ಹೊಸದುರ್ಗದ ಆ ಗ್ಯಾರೇಜಿಗೆ ನಾನು ಅವತ್ತು ಹೋಗಿದ್ದು ಜಗಳ ಆಡುವುದಕ್ಕೇ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಕಾರು ಓಡಿಸಿದ್ದೆ.

"ಮತ್ತೆ ಹತ್ಕೊಂತೇನ್ರಿ?" ಮೆಕ್ಯಾನಿಕ್ ನಿರಂಜನ್ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದ. ಹಾಳು ನಗು ಒಂದು ಐತಲ್ಲ ಅವನದು, ಅದನ್ನು ನೋಡಿದರೆ ಜೋಡಿಸಿದ್ದರಲ್ಲಿ ಅರ್ಧ ಮರೆತೇ ಹೋಗುತ್ತದೆ.

"ಹತ್ಕೊಂಡೈತೆ. ಅದೇ ಎಂಜಿನ್ ಲೈಟು. ಹಸುಗೆ ಜ್ವರ ಬಂದ್ರೆ ನಾನು ಒಂದೇ ಸಲಕ್ಕೆ ಹೇಳ್ತೀನಿ. ನಿಮಗೆ ಒಂದು ಕಾರು ಅರ್ಥ ಆಗಲ್ವಲ್ರೀ!"

ನಾನು ಚೌಡೇಶ್ವರಿ, ಶ್ರೀರಾಂಪುರದ ಪಶು ಆಸ್ಪತ್ರೆಯಲ್ಲಿ ಕೆಲಸ. ಹಳ್ಳಿ ಹಳ್ಳಿ ತಿರುಗಬೇಕಲ್ಲ ಅಂತ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೆ. ತಗೊಂಡಾಗಿನಿಂದ ಇದೇ ಗೋಳು.

ನಿರಂಜನ್ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಹಳೇ ರಾಗವೇ. ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಅದನ್ನು ಇಸಿಎಂ ಅಂತಾರೆ, ತನ್ನ ಮೆಮೊರಿ ಕಳಕೊಂಡಿದೆಯಂತೆ. ಬ್ಯಾಟರಿ, ಫ್ಯೂಸು, ಅರ್ತ್ ವೈರು ಎಲ್ಲವನ್ನೂ ಅವನು ನೋಡಿಯಾಗಿತ್ತು. ಹೋದ ವಾರ ಕಾರನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಗ ಲೈಟು ಒಂದು ಸಲವೂ ಬರಲಿಲ್ಲ. ನಮ್ಮ ಮನೆಯಲ್ಲಿ ಒಂದು ರಾತ್ರಿ ನಿಂತರೆ ಸಾಕು, ಬೆಳಿಗ್ಗೆ ಮೊದಲಿನ ಹಾಗೇ.

ನಮ್ಮ ಆಸ್ಪತ್ರೆಯ ಪರಮೇಶ್ ಅಂದಿದ್ದ, "ಮೇಡಂ, ಅವನತ್ರ ಸರಿ ಇರೋದು ನಿಮ್ಮತ್ರ ಕೆಡ್ತೈತೆ ಅಂದ್ರೆ ಏನರ್ಥ? ಅರ್ಧಂಬರ್ಧ ಮಾಡಿ ಕಳಿಸ್ತಾನೆ. ನೀವು ಮತ್ತೆ ಬರ್ಲಿ ಅಂತ."

ಆ ಮಾತು ತಲೆಯೊಳಗೆ ಹುಳ ಬಿಟ್ಟಿತ್ತು. ಯಾಕೆಂದರೆ ನಿರಂಜನ್ ನೋಡುತ್ತಿದ್ದ ರೀತಿಯೇ ಹಾಗಿತ್ತು. ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ ಸದ್ದು ಕೇಳುವಾಗ ಕನ್ನಡಿಯಲ್ಲಿ ನನ್ನನ್ನು ಹುಡುಕುತ್ತಿದ್ದ. ಸಿಕ್ಕಿಬಿದ್ದರೆ ಕನ್ನಡಿಯನ್ನೇ ಸರಿಮಾಡುವವನಂತೆ ನಾಟಕ ಮಾಡುತ್ತಿದ್ದ. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ರಿಪೇರಿಯೇ ಮೋಸವಾದರೆ ಆ ನೋಟವೂ ಮೋಸವೇ ಅಲ್ಲವಾ? ನನಗೆ ಗೊತ್ತಾಗಬೇಕಾಗಿದ್ದದ್ದು ಅದೊಂದೇ.

"ನೇರವಾಗಿ ಕೇಳ್ತೀನಿ," ಅಂದೆ. "ಬೇಕಂತಲೇ ಅರ್ಧ ರಿಪೇರಿ ಮಾಡ್ತೀರಿ. ನಾನು ಮತ್ತೆ ಬರ್ಲಿ ಅಂತ ಕಾಯ್ತೀರಿ. ಹೌದೋ ಅಲ್ವೋ?"

ಅವನ ಮುಖ ಸಪ್ಪಗಾಯಿತು. ಸ್ಕ್ಯಾನರ್ ಬಿಚ್ಚಲು ಕಾರಿನೊಳಗೆ ಬಗ್ಗಿದ. ಬಗ್ಗಿದವನು ಮೇಲೇಳಲೇ ಇಲ್ಲ.

"ಈ ಗಡಿಯಾರ ಯಾಕೆ ತಪ್ಪೈತೆ?"

"ಅದು ದಿನಾ ಬೆಳಿಗ್ಗೆ ಹನ್ನೆರಡರಿಂದ ಶುರು ಮಾಡ್ತೈತೆ. ಹಳೇ ಕಾರಲ್ವಾ? ಮಾತು ಮರೆಸ್ಬ್ಯಾಡ್ರಿ."

ಅವನು ಕಾರಿನ ಗಡಿಯಾರ ನೋಡಿದ, ತನ್ನ ಮೊಬೈಲ್ ನೋಡಿದ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. "ನಾಳೆ ಹೊತ್ತು ಹುಟ್ಟೋ ಮುಂಚೆ ನಿಮ್ಮನೆಗೆ ಬರ್ತೀನಿ. ಅಲ್ಲೀತನ ಏನೂ ಅನ್ಬ್ಯಾಡ್ರಿ."

ಮರುದಿನ ನಾನು ಕೋಳಿ ಕೂಗುವ ಮೊದಲೇ ಎದ್ದು ತಲೆ ಬಾಚಿ ಕನಕಾಂಬರ ಮುಡಿದೆ. ಮುಡಿದ ಮೇಲೆ ನಾಚಿಕೆಯಾಯಿತು. ಬೈಯುವುದಕ್ಕೆ ಯಾರಾದರೂ ಹೂವು ಮುಡಿಯುತ್ತಾರಾ? ತೆಗೆದೆ. ಮತ್ತೆ ಮುಡಿದೆ. ನನ್ನ ತಲೆ ಕೆಟ್ಟಿತ್ತು, ಅಷ್ಟೇ.

ನಿರಂಜನ್ ಬೈಕನ್ನು ದೂರದಲ್ಲೇ ನಿಲ್ಲಿಸಿ ಬಂದು ನನ್ನ ಪಕ್ಕ ಬಾಗಿಲ ಮರೆಯಲ್ಲಿ ನಿಂತ. "ಸುಮ್ನೆ ನೋಡ್ತಿರ್ರಿ," ಅಂದ. ಹೂವು ನೋಡಿದ. ನೋಡಿದ್ದು ನನಗೆ ಕಾಣಬಾರದು ಅಂತ ಅಂಗಳದ ಕಡೆ ತಿರುಗಿದ.

ಕೊಟ್ಟಿಗೆಯ ಕಡೆಯಿಂದ ನಮ್ಮಪ್ಪ ಸ್ಪ್ಯಾನರ್ ಹಿಡಿದು ಬಂದರು. ಮೊದಲು ಟ್ರ್ಯಾಕ್ಟರಿನ ಬ್ಯಾಟರಿಗೆ ಬಿಚ್ಚಿಟ್ಟಿದ್ದ ವೈರು ಸಿಕ್ಕಿಸಿದರು. ಆಮೇಲೆ ನನ್ನ ಕಾರಿನ ಬಾನೆಟ್ ಎತ್ತಿ ಅದರ ಬ್ಯಾಟರಿಯ ವೈರನ್ನೂ ಹಾಗೇ ಸಿಕ್ಕಿಸಿದರು.

"ಅಪ್ಪಾ! ಏನು ಮಾಡ್ತಿದೀಯ?"

ಅಪ್ಪ ಬೆಚ್ಚಿದರು. "ಏನವ್ವ, ಕೂಗ್ತೀಯಲ್ಲ! ಸಂಜೆ ವೈರು ಬಿಚ್ಚಿಡ್ಲಿಲ್ಲ ಅಂದ್ರೆ ಬ್ಯಾಟ್ರಿ ಇಳಿಯಲ್ವಾ? ಟ್ರ್ಯಾಕ್ಟರಿಗೆ ಮೊದಲಿಂದ್ಲೂ ಹಿಂಗೇ ಮಾಡೋದು. ನಿನ್ನ ಕಾರು ಬೆಳಿಗ್ಗೆ ನಿಂತ್ಕೊಂಡ್ರೆ ತಳ್ಳೋರು ಯಾರು?"

ನಿರಂಜನ್ ಮೆಲ್ಲಗೆ ಹೇಳಿದ, "ಟ್ರ್ಯಾಕ್ಟರಿಗೆ ಸರಿ ಯಜಮಾನ್ರೇ. ಕಾರಿನ ಕಂಪ್ಯೂಟರಿಗೆ ಕೀ ತೆಗೆದ ಮೇಲೂ ಒಂಚೂರು ಕರೆಂಟ್ ಬೇಕು. ಬಿಚ್ಚಿದ್ರೆ ಕಲ್ತಿದ್ದೆಲ್ಲ ಮರೀತೈತೆ, ಗಡಿಯಾರನೂ ವೈರು ಸಿಕ್ಕಿಸಿದ ಹೊತ್ತಿಂದ ಹನ್ನೆರಡು ಅಂತ ಶುರು ಮಾಡ್ತೈತೆ. ನಿಮ್ಮದೇನೂ ತಪ್ಪಿಲ್ಲ ಬಿಡ್ರಿ."

"ಅಯ್ಯೋ ಶಿವನೇ!" ಅಂತ ಅಪ್ಪ ತಲೆ ಮೇಲೆ ಕೈ ಇಟ್ಟುಕೊಂಡು, ಅವನಿಗೆ ಕಾಫಿ ಮಾಡಿಸಲು ಒಳಗೆ ಹೋದರು.

ಅವನು ಲೈಟು ಹತ್ತಿಸುತ್ತಿದ್ದ ದೋಷದ ಕೋಡ್ ಅಳಿಸಿ ಸ್ಕ್ಯಾನರ್ ಸುತ್ತಿಟ್ಟ. "ಸರಿ ಆಯ್ತು. ಇನ್ನ ನೀವು ಗ್ಯಾರೇಜಿಗೆ ಬರೋ ಕೆಲ್ಸ ಇಲ್ಲ."

ನನಗೆ ಅಳು ಬಂತು. ಕಾರು ಸರಿಹೋದರೆ ಯಾರಾದರೂ ಅಳುತ್ತಾರಾ? "ನಿನ್ನೆ ಅಂದಿದ್ದು ತಪ್ಪಾಯ್ತು ರೀ," ಅಂದೆ.

"ಎರಡು ಮಾತು ಅಂದ್ರಿ. ಬೇಕಂತಲೇ ಅರ್ಧ ರಿಪೇರಿ ಮಾಡ್ತೀರಿ ಅಂದ್ರಿ. ಅದು ಸುಳ್ಳು." ಅವನು ನೆಲ ನೋಡುತ್ತಾ ನಿಂತ. "ಬರ್ಲಿ ಅಂತ ಕಾಯ್ತೀರಿ ಅಂದ್ರಿ. ಅದಕ್ಕೆ ತಪ್ಪಾಯ್ತು ಅನ್ಬ್ಯಾಡ್ರಿ."

ಅವನು ಬೈಕಿನ ಕಡೆ ನಡೆದ. ಓಡಿಹೋಗಿ ಹ್ಯಾಂಡಲ್ ಹಿಡಿದೆ.

"ಭಾನುವಾರ ಗ್ಯಾರೇಜ್ ತೆಗ್ದಿರ್ತೀರಾ?"

"ಯಾಕ್ರಿ? ಕಾರು ಸರಿ ಐತಲ್ಲ."

"ಕಾರು ಇಲ್ಲೇ ಇರ್ತೈತೆ," ಅಂದೆ. "ನಾನು ಬಸ್ಸಲ್ಲಿ ಬರ್ತೀನಿ."