ಒಂದೇ ಹಗೇವು, ಎರಡು ತೀರ್ಪು

೧೯೪೪ನೇ ಇಸವಿ ಜೂನ್ ೧೪, ಬುಧವಾರ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹಾರನಹಳ್ಳಿಯ ಜಮೀನುದಾರ ಸಿದ್ದಯ್ಯ ಪಿರಿಯಾಪಟ್ಟಣದ ಪೊಲೀಸ್ ಠಾಣೆಗೆ ಬಂದು, ಬಾಗಿಲಲ್ಲೇ ನಿಂತು, ತನ್ನ ಜೋಡೆತ್ತು ಕಳುವಾಗಿದೆ ಎಂದು ಹೇಳಿದ. ಕೂರಲು ಹೇಳಿದರೂ ಕೂರಲಿಲ್ಲ.

ಠಾಣೆಯ ಸಬ್ ಇನ್ಸ್‌ಪೆಕ್ಟರು ರಜೆಯಲ್ಲಿದ್ದುದರಿಂದ ಹುಣಸೂರು ಸರ್ಕಲ್ಲಿನ ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿ ಆ ವಾರ ಅಲ್ಲೇ ಬೀಡುಬಿಟ್ಟಿದ್ದ. ದಫೇದಾರ್ ಗೋವಿಂದಯ್ಯ ದೂರು ಬರೆದುಕೊಳ್ಳತೊಡಗಿದ.

"ಕಳ್ಳ ಯಾರು ಅಂತ ನಾನೇ ಹೇಳ್ತೀನಿ, ಬರ್ಕಳಿ," ಎಂದ ಸಿದ್ದಯ್ಯ. "ಚಿಕ್ಕಮಾದು. ಅವನ ಕಂಬಳಿ ನನ್ನ ಕೊಟ್ಟಿಗೇಲೇ ಬಿದ್ದದೆ. ಹೋದ್ ವರ್ಷ ನೆಲದೊಳಗೆ ರಾಗಿ ತುಂಬಿಟ್ಟಿದ್ದ ನನ್ನ ಹಗೇವಿಗೆ ಇಳಿದು ಎರಡು ಮೂಟೆ ಎತ್ತಿದೋನು. ಜೈಲಿಗೆ ಹಾಕೋದು ಬಿಟ್ಟು ಮುಚ್ಚಳಿಕೆ ಬರೆಸ್ಕಂಡು ಮನೆಗೆ ಕಳಿಸಿದ್ರಿ."

"ಕಳಿಸಿದ್ದು ಮ್ಯಾಜಿಸ್ಟ್ರೇಟರು," ಎಂದ ನಂಜುಂಡಸ್ವಾಮಿ.

"ಯಾರಾದ್ರೇನು ಸ್ವಾಮಿ? ಈ ಹೊಸ ಕಾನೂನು ಬಂದ ಮೇಲೆ ಕಳ್ಳರಿಗೆ ಭಯ ಅನ್ನೋದೇ ಹೋಯ್ತು. ಊರಲ್ಲಿ ಯಾರನ್ನಾದ್ರೂ ಕೇಳಿ."

ಇದೇ ವಿಷಯವನ್ನು ಎರಡು ದಿನದ ಹಿಂದೆ ಮೈಸೂರಿನ ಮೇಲಧಿಕಾರಿಗಳೂ ಕಾಗದದಲ್ಲಿ ನಂಜುಂಡಸ್ವಾಮಿಯನ್ನು ಕೇಳಿದ್ದರು. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಒಂದು ವರ್ಷ ನೆಟ್ಟಗಿರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು ಎಂಬ ಕಾಯಿದೆ ಜಾರಿಗೆ ಬಂದು ವರ್ಷವಾಗುತ್ತ ಬಂದಿತ್ತು. ಅದರಿಂದ ಕಳವು ಹೆಚ್ಚಿದೆಯೇ, ತಗ್ಗಿದೆಯೇ, ಅಂಕಿ ಸಮೇತ ವರದಿ ಮಾಡಿ ಎಂದು ಬರೆದಿದ್ದರು. ತಾಲ್ಲೂಕಿನಲ್ಲಿ ಕಾಯಿದೆಗೆ ಮುಂಚಿನ ವರ್ಷ ಮೂವತ್ತೊಂದು ಕಳವು, ಆಮೇಲೆ ನಲವತ್ತನಾಲ್ಕು. ಅಂಕಿ ಸಿದ್ದಯ್ಯನ ಪರವಾಗಿಯೇ ಇತ್ತು. ಆದರೆ ಯುದ್ಧ ಶುರುವಾದ ಮೇಲೆ ರಾಗಿಯೂ ಸೀಮೆಎಣ್ಣೆಯೂ ಸಿಗದೆ ಜನ ಹೇಗೆ ಬದುಕುತ್ತಿದ್ದಾರೆ ಎಂಬುದಕ್ಕೆ ವರದಿಯ ನಮೂನೆಯಲ್ಲಿ ಜಾಗವಿರಲಿಲ್ಲ. ಆ ನಲವತ್ತನಾಲ್ಕು ಕಳವುಗಳಲ್ಲಿ ಮುಚ್ಚಳಿಕೆಯವರು ಮಾಡಿದ್ದು ಎರಡೇ ಎರಡು. ಚಿಕ್ಕಮಾದುವನ್ನೂ ಸೇರಿಸಿದರೆ ಮೂರಾಗುತ್ತಿತ್ತು.

ಎಫ್.ಐ.ಆರ್. ದಾಖಲಾದ ಮೇಲೆ ನಂಜುಂಡಸ್ವಾಮಿಯೂ ಗೋವಿಂದಯ್ಯನೂ ಸೈಕಲ್ ಹತ್ತಿದರು. ಜೊತೆಗೆ ಇಬ್ಬರು ಪೇದೆಗಳು.

ಹನ್ನೊಂದೂವರೆಗೆ ಸಿದ್ದಯ್ಯನ ಹಟ್ಟಿ ತಲುಪುವ ಹೊತ್ತಿಗೆ ಊರವರು ಚಿಕ್ಕಮಾದುವನ್ನು ಹುಣಸೆಮರಕ್ಕೆ ಕಟ್ಟಿ ಹಾಕಿದ್ದರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗು ಪ್ರಾಯ. ತುಟಿ ಒಡೆದಿತ್ತು.

"ಬಿಚ್ಚಿ," ಎಂದ ನಂಜುಂಡಸ್ವಾಮಿ.

ಯಾರೂ ಕದಲಲಿಲ್ಲ. ಗೋವಿಂದಯ್ಯನೇ ಹೋಗಿ ಗಂಟು ಬಿಚ್ಚಿದ.

ಪಂಚರ ಎದುರಿಗೆ ಕೊಟ್ಟಿಗೆಯ ಪಂಚನಾಮೆ ನಡೆಯಿತು. ಬಾಗಿಲ ಅಗಳಿ ಮುರಿದಿರಲಿಲ್ಲ, ಹೊರಗಿನಿಂದ ಕೈ ಹಾಕಿ ಸರಿಸಿದ್ದರು. ಕಣ್ಣಿಹಗ್ಗಗಳನ್ನು ಕುಡುಗೋಲಿನಿಂದ ಕೊಯ್ದಿದ್ದರು. ಗೋದಲಿಯ ಪಕ್ಕದಲ್ಲಿ ಕರಿಕಂಬಳಿ ಬಿದ್ದಿತ್ತು, ಒಂದು ಮೂಲೆಗೆ ಕೆಂಪು ದಾರದಲ್ಲಿ ಹೊಸ ತೇಪೆ. ನಂಜುಂಡಸ್ವಾಮಿ ಕಂಬಳಿಯನ್ನು ಎತ್ತಿ ನೋಡಿದ. ಬಿದ್ದದ್ದಲ್ಲ ಅದು, ಇಟ್ಟದ್ದು ಅನ್ನಿಸಿತು. ಹಿಂದಿನ ಸಂಜೆ ಸುರಿದ ಮಳೆಗೆ ಅಂಗಳವೆಲ್ಲ ಕೆಸರು. ಹೊದ್ದುಕೊಂಡು ಬಂದವನ ಕಂಬಳಿಯಾಗಿದ್ದರೆ ಅಂಚಾದರೂ ಒದ್ದೆಯಾಗಿರಬೇಕಿತ್ತು. ಅದು ಬೆಚ್ಚಗೆ ಒಣಗಿತ್ತು.

ಚಾವಡಿಯಲ್ಲಿ ಚಿಕ್ಕಮಾದುವನ್ನು ಕೂರಿಸಿ ಕೇಳಿದ.

"ಕಂಬಳಿ ನಿನ್ನದೇನೋ?"

"ನಂದೇ ಬುದ್ದಿ."

"ಕೊಟ್ಟಿಗೆಗೆ ಹೇಗೆ ಬಂತು?"

"ಗೊತ್ತಿಲ್ಲ ಬುದ್ದಿ."

"ತೇಪೆ ಹಾಕಿದ್ದು ಯಾರು?"

"ನಮ್ಮಕ್ಕ. ಒಲ್ಕೊಡು ಅಂತ ಕೊಟ್ಟು ಎಂಟು ದಿನಾಯ್ತು. ಅಲ್ಲೇ ಇತ್ತು, ಇನ್ನೂ ಈಸ್ಕಂಡಿರಲಿಲ್ಲ."

"ಅಕ್ಕ ಅಂದ್ರೆ?"

"ಪುಟ್ಟಲಕ್ಷ್ಮಿ. ದೇವಯ್ಯನೆಂಡ್ತಿ." ಅಷ್ಟು ಹೇಳಿ ಹುಡುಗ ತಟ್ಟನೆ ಬಾಯಿ ಮುಚ್ಚಿದ. ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ಆಗ ಹೊಳೆದಂತಿತ್ತು. "ಇಲ್ಲ ಬುದ್ದಿ, ನಾನೇ ಎಲ್ಲೋ ಬೀಳ್ಸಿರ್ಬೇಕು. ಬುಟ್ಬುಡಿ, ನಾನೇ ಅಂತ ಬರ್ಕಳಿ."

ದೇವಯ್ಯನ ಹೆಸರು ನಂಜುಂಡಸ್ವಾಮಿಗೂ ಗೊತ್ತಿದ್ದದ್ದೇ.

ಆ ರಾಗಿಯ ಕಳವು ಒಬ್ಬನದಲ್ಲ, ಭಾವ ಭಾಮೈದ ಇಬ್ಬರದು. ಹಿಂದಿನ ವರ್ಷ ಫೆಬ್ರವರಿಯಲ್ಲಿ ಇಬ್ಬರೂ ಒಂದೇ ಹಗೇವಿಗೆ ಇಳಿದು, ಒಂದೊಂದು ಮೂಟೆ ಹೊತ್ತು ತಂದಿದ್ದರು. ಬೆಳಗಾದ ಮೇಲೆ ಚಿಕ್ಕಮಾದು ಕೊಡಗಿನ ಕಾಫಿ ತೋಟಗಳ ಕಡೆ ಓಡಿಹೋದ. ದೇವಯ್ಯ ಓಡಲಿಲ್ಲ. ಮನೆಯಲ್ಲಿ ಹೆಂಡತಿ, ಒಂದೂವರೆ ವರ್ಷದ ಹೆಣ್ಣುಮಗು. ಅವನನ್ನು ವಿಚಾರಿಸಿದ್ದು ನಂಜುಂಡಸ್ವಾಮಿಯೇ. "ಒಪ್ಕೊಂಡುಬಿಡು, ಮ್ಯಾಜಿಸ್ಟ್ರೇಟರು ಕರುಣೆ ತೋರಿಸ್ತಾರೆ," ಎಂದಿದ್ದ. ಮೋಸ ಮಾಡಬೇಕೆಂದು ಹೇಳಿದ ಮಾತಲ್ಲ. ದೇವಯ್ಯ ಎಲ್ಲವನ್ನೂ ಒಪ್ಪಿಕೊಂಡ. ಮಾರ್ಚಿನಲ್ಲಿ ಒಂದು ವರ್ಷ ಕಠಿಣ ಸಜೆಯಾಯಿತು. ಜುಲೈಯಲ್ಲಿ ಹೊಸ ಕಾಯಿದೆ ಬಂತು. ಅಕ್ಟೋಬರಿನಲ್ಲಿ ಚಿಕ್ಕಮಾದು ಸಿಕ್ಕಿಬಿದ್ದ; ಮೊದಲ ತಪ್ಪು, ಎಳೆಯ ಪ್ರಾಯ ಎಂದು ಅದೇ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಮನೆಗೆ ಕಳಿಸಿತು.

ಮಧ್ಯಾಹ್ನ ಮೂರಕ್ಕೆ ನಂಜುಂಡಸ್ವಾಮಿ ದೇವಯ್ಯನ ಗುಡಿಸಲಿಗೆ ಹೋದ. ದೇವಯ್ಯ ಇರಲಿಲ್ಲ. ಪುಟ್ಟಲಕ್ಷ್ಮಿ ಒರಳಿನ ಮುಂದೆ ಕೂತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಿನ್ನ ಗಂಡ ಎಲ್ಲಮ್ಮ?"

"ಕೂಲಿಗೆ ಓಗವ್ರೆ ಬುದ್ದಿ."

"ಯಾರ ಹೊಲಕ್ಕೆ?"

ಜೈಲಿಗೆ ಹೋಗಿ ಬಂದವನನ್ನು ಆ ಊರಲ್ಲಿ ಯಾರೂ ಕೂಲಿಗೆ ಕರೆಯುತ್ತಿರಲಿಲ್ಲ ಎಂದು ಗೋವಿಂದಯ್ಯ ಮೆಲ್ಲಗೆ ಹೇಳಿದ.

"ಚಿಕ್ಕಮಾದುವಿನ ಕಂಬಳಿಗೆ ತೇಪೆ ಹಾಕಿದ್ದು ನೀನಾ?"

"ಊ."

"ಕಂಬಳಿ ನಿನ್ನೆ ಸಂಜೆ ಎಲ್ಲಿತ್ತು?"

ಅವಳ ಕಣ್ಣು ಗೋಡೆಯ ಗೂಟದ ಕಡೆ ಹೋಯಿತು. ಗೂಟ ಬರಿದಾಗಿತ್ತು. ಅದು ಬರಿದಾದದ್ದನ್ನು ಅವಳು ಆಗಲೇ ಮೊದಲ ಸಲ ಕಂಡದ್ದು ಎಂಬುದು ನಂಜುಂಡಸ್ವಾಮಿಗೆ ಸ್ಪಷ್ಟವಾಯಿತು. ಗಂಡನೋ ತಮ್ಮನೋ, ಇಬ್ಬರಲ್ಲಿ ಒಬ್ಬರನ್ನು ಅವಳು ಆ ನಿಂತ ನಿಲುವಿನಲ್ಲೇ ಆರಿಸಿಕೊಳ್ಳಬೇಕಿತ್ತು.

"ಅವತ್ತೇ ಒಲ್ದು ಕೊಟ್ಬುಟ್ಟೆ ಬುದ್ದಿ," ಎಂದಳು. "ಮಾದನೇ ತಕ್ಕೊಂಡೋದ."

"ಯೋಚನೆ ಮಾಡಿ ಹೇಳಮ್ಮ. ಈ ಸಲ ಅವನ ಮೇಲೆ ಸಾಬೀತಾದ್ರೆ ಹಳೇದೂ ಹೊಸದೂ ಸೇರಿ ಅನುಭವಿಸಬೇಕು."

"ಕೊಟ್ಬುಟ್ಟೆ," ಎಂದು ಮತ್ತೆ ಹೇಳಿ ಅವಳು ಒರಳಿನ ಕಡೆ ತಿರುಗಿದಳು. ಒರಳಿನಲ್ಲಿ ಏನೂ ಇರಲಿಲ್ಲ.

ಹೊರಗೆ ಬಂದ ಮೇಲೆ ಗೋವಿಂದಯ್ಯ, "ಸುಳ್ಳು ಹೇಳ್ತಾಳೆ ಸ್ವಾಮಿ. ಠಾಣೆಗೆ ಕರ್ಕೊಂಡು ಹೋಗೋಣ್ವಾ?" ಎಂದ.

"ಬೇಡ. ಎತ್ತು ಹುಡುಕೋಣ. ಅವಳ ಬಾಯಿಂದಲೇ ಬರಬೇಕಾಗಿಲ್ಲ."

ಮಾರನೆಯ ದಿನ, ಜೂನ್ ೧೫, ಬೆಳಿಗ್ಗೆ ಆರೂವರೆಗೆ ಗೋವಿಂದಯ್ಯ ಹೆಜ್ಜೆ ಹಿಡಿದ. ನೊಗದ ಎಡಕ್ಕೆ ಹೂಡುತ್ತಿದ್ದ ಸಿದ್ದಯ್ಯನ ಎತ್ತಿನ ಹಿಂಗಾಲಿನ ಲಾಳ ಅರ್ಧ ಮುರಿದಿತ್ತು. ಆ ಗುರುತು ಕೆಸರಲ್ಲಿ ಅಚ್ಚೊತ್ತಿದಂತೆ ಬಿದ್ದಿತ್ತು. ಹೆಜ್ಜೆ ಕೊಡಗಿನ ದಾರಿಯ ಕಡೆಗೇ ಹೋಗಿತ್ತು. ಕದ್ದ ದನವನ್ನು ಗಡಿ ದಾಟಿಸುವುದು ಅಲ್ಲಿಯ ವಾಡಿಕೆ. ಆದರೆ ಮುಕ್ಕಾಲು ಮೈಲಿಯಾದ ಮೇಲೆ ಹಳ್ಳದ ನೀರಿಗಿಳಿದ ಹೆಜ್ಜೆ ಆಚೆ ದಡದಲ್ಲಿ ಏಳಲೇ ಇಲ್ಲ. ಗೋವಿಂದಯ್ಯ ಪಂಚೆ ಎತ್ತಿ ಕಟ್ಟಿ ಹಳ್ಳದ ಉದ್ದಕ್ಕೂ ನಡೆದ. ಎರಡು ಫರ್ಲಾಂಗು ಮೇಲೆ, ಬೆಟ್ಟದಪುರದ ಬೆಟ್ಟ ಕಾಣುವ ತಿರುವಿನಲ್ಲಿ, ಮುರಿದ ಲಾಳ ಮತ್ತೆ ಸಿಕ್ಕಿತು. ಅಲ್ಲಿಂದ ಕುರುಚಲು ಕಾಡು.

ಹನ್ನೊಂದಕ್ಕೆ ಎತ್ತುಗಳು ಸಿಕ್ಕವು. ಲಂಟಾನ ಪೊದೆಗಳ ನಡುವೆ, ಒಂದು ತಗ್ಗು ಜಾಗದಲ್ಲಿ ಕಟ್ಟಿದ್ದರು. ಮುಂದೆ ಆಗ ತಾನೇ ಕೊಯ್ದ ಹಸಿ ಹುಲ್ಲು. ಪಕ್ಕದಲ್ಲಿ ಮಡಕೆಯಲ್ಲಿ ನೀರು.

"ಎರಡು ರಾತ್ರಿ ಕಳೆದ್ರೂ ಗಡಿ ದಾಟಿಸಿಲ್ಲ," ಎಂದ ಗೋವಿಂದಯ್ಯ. "ಮಾರೋ ಕಳ್ಳ ಅಲ್ಲ ಸ್ವಾಮಿ ಇವನು. ಹುಲ್ಲು ಕೊಯ್ದು ಸಾಕ್ತಾ ಇದ್ದಾನೆ."

ನಂಜುಂಡಸ್ವಾಮಿ ಎತ್ತಿನ ಕೊರಳಿನ ಹಗ್ಗವನ್ನು ಕೈಗೆ ತೆಗೆದುಕೊಂಡ. ಹೊಸ ಹಗ್ಗ, ಕತ್ತಾಳೆ ನಾರಿನದು. ಊರಲ್ಲಿ ಎಲ್ಲರೂ ಮೂರೆಳೆ ಹೊಸೆಯುತ್ತಾರೆ. ಇದು ನಾಲ್ಕೆಳೆ, ಜಡೆಯ ಹಾಗೆ ಹೆಣೆದದ್ದು, ಒಂದೆಳೆಯೂ ಸಡಿಲವಿಲ್ಲದೆ. ಮೈಸೂರಿನ ಜೈಲಿನಲ್ಲಿ ಕೈದಿಗಳು ಸಾಲಾಗಿ ಕೂತು ಇಂಥ ಹಗ್ಗ ಹೆಣೆಯುವುದನ್ನು ಅವನು ಎಷ್ಟೋ ಸಲ ನೋಡಿದ್ದ. ವರ್ಷವಿಡೀ ಕೂತರೆ ಮಾತ್ರ ಬರುವ ಕೈ ಅದು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಚಿಕ್ಕಮಾದು ನಿರಪರಾಧಿ ಎಂದು ಗೊತ್ತಾದ ಗಳಿಗೆಯಲ್ಲೇ ಇನ್ನೊಬ್ಬನ ಬದುಕು ಮುಗಿಯಿತೆಂದೂ ಗೊತ್ತಾಯಿತು.

ಎತ್ತುಗಳನ್ನು ಹಾಗೇ ಬಿಟ್ಟು, ಪೇದೆಗಳೂ ಸೇರಿ ನಾಲ್ವರೂ ಪೊದೆಯ ಮರೆಯಲ್ಲಿ ಕೂತರು. ಮೂರೂವರೆಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ದೇವಯ್ಯ ಬಂದ. ಹೊರೆ ಇಳಿಸಿ, ಎತ್ತಿನ ಬೆನ್ನು ತಟ್ಟಿ, ಹುಲ್ಲು ಉದುರಿಸಿ ಹಾಕುತ್ತಿದ್ದಾಗ ಗೋವಿಂದಯ್ಯ ಹಿಂದಿನಿಂದ ತೋಳು ಹಿಡಿದ. ದೇವಯ್ಯ ಕೊಸರಾಡಲಿಲ್ಲ. ಕೈಯಲ್ಲಿದ್ದ ಕುಡುಗೋಲನ್ನು ತಾನೇ ಕೆಳಗೆ ಹಾಕಿದ.

"ಎತ್ತು ಹೊಡ್ಕೊಂಡು ಬಂದದ್ದು ನೀನಾ?" ಎಂದು ನಂಜುಂಡಸ್ವಾಮಿ ಕೇಳಿದ.

"ನಾನೇ ಬುದ್ದಿ."

"ಕಂಬಳಿ ಇಟ್ಟಿದ್ದೂ ನೀನೇ?"

"ಊ, ನಾನೇ." ನಂಜುಂಡಸ್ವಾಮಿಯ ಕಡೆ ತಿರುಗಿ, "ಈ ಸಲಾನೂ ಒಪ್ಕಂಡ್ರೆ ಕರುಣೆ ತೋರಿಸ್ತಾರಾ ಬುದ್ದಿ?" ಎಂದ.

ಅಣಕವಿರಲಿಲ್ಲ ಆ ಮಾತಿನಲ್ಲಿ. ಅವನು ನಿಜವಾಗಿಯೂ ಕೇಳುತ್ತಿದ್ದ. ನಂಜುಂಡಸ್ವಾಮಿ ಎತ್ತುಗಳ ಕಡೆ ನೋಡಿದ. ಹೊಸ ಕಾಯಿದೆ ಮೊದಲ ಸಲದವರಿಗೆ ಮಾತ್ರ. ಎರಡನೆಯ ಸಲದವನಿಗೆ ಹಿಂದಿನ ಸಜೆಯೇ ಶಿಕ್ಷೆಯನ್ನು ಏರಿಸುತ್ತದೆ.

"ಇಲ್ಲ ದೇವಯ್ಯ," ಎಂದ ಕೊನೆಗೆ. "ನಿನಗೆ ಅದು ಬರೋದಿಲ್ಲ."

"ನಂಗೊತ್ತಿತ್ತು ಬುಡಿ."

"ಚಿಕ್ಕಮಾದು ನಿನಗೇನು ಮಾಡಿದ್ದ? ನಿನ್ನ ಹೆಂಡತಿಯ ತಮ್ಮ ಅಲ್ವೇನಯ್ಯ?"

ದೇವಯ್ಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಅವ್ನೇನೂ ಮಾಡ್ಲಿಲ್ಲ ಬುದ್ದಿ. ಅದೇ ನಂಗೆ ತಡಿಯಕ್ಕಾಗ್ಲಿಲ್ಲ. ಇಬ್ರೂ ಒಂದೇ ಹಗೇವಿಗೆ ಇಳಿದ್ವಿ. ಅವ್ನು ಓಡೋದ, ನಾನು ನಿಂತ್ಕಂಡೆ. ಓಡೋದೋನು ಮನೇಗೆ ಬಂದ, ನಿಂತ್ಕಂಡೋನು ಜೈಲಿಗೋದೆ. ನಾನು ಅಲ್ಲಿ ನಾರು ಸುಲೀತಾ ಕೂತಿದ್ದಾಗ ಕಾರ್ತೀಕದಲ್ಲಿ ನನ್ ಮಗಳು ಜ್ವರ ಬಂದು ಓಯ್ತು. ಮಣ್ಣು ಹಾಕಿದ್ದು ಅವ್ನು. ನನ್ ಮಗೀಗೆ ಬುದ್ದಿ, ಅವ್ನು ಮಣ್ಣು ಹಾಕ್ದ." ಕೈಯನ್ನು ಹುಲ್ಲಿಗೆ ಒರೆಸಿಕೊಂಡ. "ಬಂದ್ಮೇಲೆ ಊರಲ್ಲಿ ಅವ್ನನ್ನ ಕೂಲಿಗೆ ಕರೀತಾರೆ. ನನ್ನ ಕಂಡ್ರೆ ಬಾಗಿಲು ಹಾಕ್ತಾರೆ. ಅವ್ನು ಮನೆಗೆ ಬಂದು 'ಭಾವ, ಉಂಡ್ರಾ?' ಅಂತ ಕೇಳ್ತಾನೆ. ಒಳ್ಳೇ ಮನ್ಸಿಂದಲೇ ಕೇಳ್ತಾನೆ. ಒಂದ್ಸಲ ಆದ್ರೂ ಅವ್ನು ಒಳಗೋಗಿ ಬರ್ಲಿ, ಆಮೇಲೆ ನನ್ ಮುಖ ನೋಡ್ಲಿ ಅನ್ನಿಸ್ತು. ಅಷ್ಟೇ."

ಗೋವಿಂದಯ್ಯ ಬೇಡಿ ತೆಗೆದ. ಸಂಜೆ ನಾಲ್ಕು ಗಂಟೆಗೆ ಎತ್ತುಗಳ ವಶದ ಪಂಚನಾಮೆ ಬರೆದು, ದೇವಯ್ಯನನ್ನು ದಸ್ತಗಿರಿ ಮಾಡಿದ್ದಾಗಿ ಕೇಸ್ ಡೈರಿಯಲ್ಲಿ ನಮೂದಾಯಿತು.

ಹಿಂದಿನ ದಿನದಿಂದ ಠಾಣೆಯಲ್ಲಿ ಇರಿಸಿಕೊಂಡಿದ್ದ ಚಿಕ್ಕಮಾದುವನ್ನು ಆರು ಗಂಟೆಗೆ ಬಿಟ್ಟರು. ಹೊರಗೆ ಕಾಲಿಟ್ಟವನು ಮೆಟ್ಟಿಲ ಮೇಲೆ ಭಾವನನ್ನು ಕಂಡು ನಿಂತ. ಚಿಕ್ಕಮಾದು ಇನ್ಸ್‌ಪೆಕ್ಟರ ಕಡೆ ತಿರುಗಿ, "ನಾನು ಜಾಮೀನು ನಿಲ್ಲಬೋದಾ ಬುದ್ದಿ?" ಎಂದು ಕೇಳಿದ.

"ನೀನೇ ಮುಚ್ಚಳಿಕೆ ಮೇಲಿರೋನು. ನಿನ್ನ ಜಾಮೀನು ಯಾರು ಒಪ್ತಾರೆ?"

ಅವನು ತಲೆ ಆಡಿಸಿ ಇಳಿದು ಹೋದ.

ಚಾರ್ಜ್ ಶೀಟಿನ ಕೊನೆಗೆ ನಂಜುಂಡಸ್ವಾಮಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದ. ಹಿಂದಿನ ಪ್ರಕರಣದಲ್ಲಿ ಆರೋಪಿಯು ತನಿಖಾಧಿಕಾರಿಯಾದ ತನ್ನ ಭರವಸೆಯ ಮೇಲೆ ತಪ್ಪೊಪ್ಪಿಕೊಂಡಿದ್ದನೆಂದೂ, ನಾಲ್ಕು ತಿಂಗಳು ತಡವಾಗಿ ಸಿಕ್ಕಿದ್ದರೆ ಅವನಿಗೂ ಮುಚ್ಚಳಿಕೆಯೇ ಆಗುತ್ತಿತ್ತೆಂದೂ ಬರೆದ.

"ಇದನ್ನ ಬರೆಯೋ ಪದ್ಧತಿ ಇಲ್ಲ ಸ್ವಾಮಿ," ಎಂದ ಗೋವಿಂದಯ್ಯ. "ಭರವಸೆ ಕೊಟ್ಟೆ ಅಂದ್ರೆ ತಮ್ಮ ಮೇಲೇ ವಿಚಾರಣೆ ಬರುತ್ತೆ."

"ಬರಲಿ."

ಜುಲೈ ೨೭ರಂದು ತೀರ್ಪು ಬಂತು. ಎತ್ತುಗಳು ಸುರಕ್ಷಿತವಾಗಿ ಸಿಕ್ಕಿದ್ದರಿಂದ ಕನಿಕರ ತೋರಿಸಿದ್ದಾಗಿ ಹೇಳಿ ಮ್ಯಾಜಿಸ್ಟ್ರೇಟರು ಎರಡು ವರ್ಷ ಕಠಿಣ ಸಜೆ ಕೊಟ್ಟರು. ನಂಜುಂಡಸ್ವಾಮಿಯ ಸಾಲಿಗೆ ವಿವರಣೆ ಕೇಳಿ ಮೈಸೂರಿನಿಂದ ಮೆಮೊ ಬಂತು.

ಆಗಸ್ಟಿನಲ್ಲಿ ಬೇರೊಂದು ಕೆಲಸದ ಮೇಲೆ ಹಾರನಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದಾಗ ಅವನು ಸೈಕಲ್ ನಿಲ್ಲಿಸಿದ. ದೇವಯ್ಯನ ಅರೆ ಎಕರೆ ಹೊಲದಲ್ಲಿ ಚಿಕ್ಕಮಾದು ಎರವಲು ಎತ್ತು ಕಟ್ಟಿ ರಾಗಿ ಪೈರಿನ ಸಾಲಿಗೆ ಕುಂಟೆ ಹೊಡೆಯುತ್ತಿದ್ದ. ಪುಟ್ಟಲಕ್ಷ್ಮಿ ಹೊಲದ ಇನ್ನೊಂದು ತುದಿಯಲ್ಲಿ ಕಳೆ ಕೀಳುತ್ತಿದ್ದಳು. ತಮ್ಮನು ಸಾಲು ಮುಗಿಸಿ ತನ್ನ ಕಡೆಗೆ ಬಂದಾಗ ಅವಳು ಎದ್ದು ಬೇರೆ ಸಾಲಿಗೆ ಹೋದಳು. ದೇವಯ್ಯ ಎರಡನೇ ಸಲ ಜೈಲಿಗೆ ಹೋದ ದಿನದಿಂದ ಅವಳು ತಮ್ಮನ ಜೊತೆ ಒಂದು ಮಾತನ್ನೂ ಆಡಿಲ್ಲ, ಆದರೂ ಅವನು ದಿನಾ ಬಂದು ಹೊಲದ ಕೆಲಸ ಮಾಡಿಕೊಟ್ಟು ಹೋಗುತ್ತಾನೆ ಎಂದು ದಾರಿಹೋಕನೊಬ್ಬ ಹೇಳಿದ.