ನಾನೂರ ಹದಿನೇಳನೇ ಓದುಗ

"ದಿನಾ ಬೆಳಿಗ್ಗೆ ಈ ಕಂಪ್ಯೂಟರ್ ಮುಂದೆ ಕೂತ್ಕೊಳೋದು ಯಾರು?"

ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದ ಪ್ಯಾಕಿಂಗ್ ಹಾಲ್‌ನಲ್ಲಿ ಅವಳ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. ಕೈಯಲ್ಲೊಂದು ಪ್ರಿಂಟೌಟ್. ಮುಖ ಕೆಂಡವಾಗಿತ್ತು.

"ನಾನು," ಎಂದನೊಬ್ಬ, ಸ್ಟೂಲಿನಿಂದ ಏಳದೆಯೇ. ಅವನ ಅಂಗಿಯ ಜೇಬಿನ ತುಂಬ ಚೀಟಿಗಳು. ಯಂತ್ರ ರಿಪೇರಿ ಮಾಡುವ ಫಿಟ್ಟರ್ ಅವನು. ಕೆಳಗಿನ ಮಹಡಿಯಲ್ಲಿ ಎಲ್ಲರಿಗೂ 'ಚೀಟಿ ಅಣ್ಣ'.

ಅವಳು ಮೇಲಿನ ಮಹಡಿಯವಳು. ಗಾಜಿನ ಬಾಟಲಿ ಮಾಡುವ ಆ ಕಂಪನಿಯಲ್ಲಿ ನೌಕರರಿಗೆ ಮಾತ್ರ ತೆರೆಯುವ ಇಂಟ್ರಾನೆಟ್ ಪೋರ್ಟಲ್ ಅವಳ ಜವಾಬ್ದಾರಿ. ದಿನಕ್ಕೊಂದು ಬರಹ ಅವಳೇ ಬರೆದು ಹಾಕುತ್ತಿದ್ದಳು. ಎರಡು ವರ್ಷ ಅದನ್ನು ಯಾರೂ ಮೂಸಿ ನೋಡಲಿಲ್ಲ. ಹೋದ ತಿಂಗಳಿಂದ ಇದ್ದಕ್ಕಿದ್ದಂತೆ ನೂರಕ್ಕೆ ತೊಂಬತ್ತೈದು ಜನ! ಶುಕ್ರವಾರ ಹಿರಿಯ ಅಧಿಕಾರಿಗಳ ಮುಂದೆ ಆ ಸಾಧನೆಯ ಕಥೆ ಹೇಳಬೇಕಿತ್ತು. ಅವರು ಮೆಚ್ಚಿದರೆ ಅವಳ ಕೆಲಸ ಕಾಯಂ. ಇಲ್ಲದಿದ್ದರೆ ಗುತ್ತಿಗೆ ಅಲ್ಲಿಗೇ ಮುಗಿಯುತ್ತಿತ್ತು.

"ಅರವತ್ತೆರಡು ಜನ ಮುಕ್ಕಾಲು ಗಂಟೇಲಿ, ಇದೊಂದೇ ಕಂಪ್ಯೂಟರಿಂದ ಲೈಕ್ ಒತ್ತಿದಾರೆ! ಎಲ್ಲರೂ 'ತುಂಬಾ ಚೆನ್ನಾಗಿದೆ' ಅಂತ ಬರೆದಿದಾರೆ! ನನ್ನನ್ನ ಏನಂದ್ಕೊಂಡಿದೀರಿ? ಆಟ ಆಡ್ತಿದೀರಾ?"

"ಲೈಕ್ ಒತ್ತಿ ಒಂದು ಮಾತು ಬರೀದಿದ್ರೆ ರಜೆ ಅರ್ಜಿ ತೆರೆಯಲ್ಲ ಮೇಡಂ. ನಾಳೆ ಯಾವ ಪಾಳಿ ಅಂತಾನೂ ಕಾಣಲ್ಲ. ಆ ನಿಯಮ ಹಾಕಿದ್ದು ಯಾರು, ನಾನಾ?"

ನಿಯಮ ಅವಳದ್ದೇ. 'ಓದಲ್ಲ ಅಂದ್ರೆ ಓದೋ ಹಾಗೆ ಮಾಡಿ' ಎಂದು ಹೋದ ತಿಂಗಳು ನಿರ್ದೇಶಕರು ಗದರಿದ ದಿನ ಹೊಳೆದ ಉಪಾಯ ಅದು.

"ಇಷ್ಟು ಜನಕ್ಕೆ ಒಂದು ಕಂಪ್ಯೂಟರ್. ಒಳಗೆ ಮೊಬೈಲ್ ತರೋ ಹಾಗಿಲ್ಲ. ಅವರು ರಜೇನೋ ಪಾಳೀನೋ, ಬೇಕಾದ್ದನ್ನ ಚೀಟೀಲಿ ಬರೆದು ಕೊಡ್ತಾರೆ, ನಾನು ಬೇಗ ಬಂದು ಹಾಕ್ತೀನಿ. ಎಲ್ಲರ ಪಾಸ್‌ವರ್ಡೂ ಅವರವರ ನೌಕರ ಸಂಖ್ಯೆನೇ. ಇದರಲ್ಲಿ ಗುಟ್ಟೇನಿದೆ?"

ಆದರೆ ಅವಳ ಎದೆಯಲ್ಲಿ ಬೇರೆಯೇ ಪ್ರಶ್ನೆಯೊಂದು ಚುಚ್ಚುತ್ತಿತ್ತು.

ಪೋರ್ಟಲ್‌ನಲ್ಲಿ ಹೆಸರು ಕಾಣದು, ಸಂಖ್ಯೆ ಮಾತ್ರ. ಅಷ್ಟೂ 'ತುಂಬಾ ಚೆನ್ನಾಗಿದೆ'ಗಳ ನಡುವೆ ನಾನೂರ ಹದಿನೇಳು ಎಂಬ ಸಂಖ್ಯೆಯೊಂದು ದಿನವೂ ಅವಳೊಡನೆ ಜಗಳಕ್ಕೆ ಬರುತ್ತಿತ್ತು. 'ಕುಲುಮೆ ಬಗ್ಗೆ ಬರೆದಿದ್ದೀರಿ, ಆದರೆ ಅದರ ಹತ್ತಿರ ಒಂದು ದಿನವೂ ನಿಂತ ಹಾಗಿಲ್ಲ. ಕೊನೆಯ ಸಾಲು ಮಾತ್ರ ಎರಡು ಸಲ ಓದಿದೆ.' ಆ ಮಾತನ್ನು ಅವಳು ಎಷ್ಟು ಸಲ ಓದಿದ್ದಳೋ! ಒಂದು ತಿಂಗಳಿಂದ ಅವಳು ಬರೆಯುತ್ತಿದ್ದದ್ದು ಆ ಒಬ್ಬರಿಗಾಗಿಯೇ.

"ನಾನೂರ ಹದಿನೇಳು..." ಅವಳು ಪ್ರಿಂಟೌಟಿನ ಮೇಲೆ ಬೆರಳಿಟ್ಟಳು. "ಅದನ್ನೂ ನೀವೇ ಬರೆದಿದ್ದಾ?"

"ಹೂಂ. ಇಲ್ಲಿಂದ ಹೋಗೋದೆಲ್ಲ ನನ್ನ ಕೈಯಿಂದಾನೇ."

ಹಾಗಾದರೆ ಅದೂ ಬೇರೆ ಯಾರದ್ದೋ ಸಂಖ್ಯೆಯಲ್ಲಿ ಇವನು ಒತ್ತಿದ ಸುಳ್ಳು! ಇದ್ದ ಒಬ್ಬ ಓದುಗನೂ ಇರಲೇ ಇಲ್ಲ!

"ನಾಚಿಕೆ ಆಗ್ಬೇಕು ನಿಮಗೆ!"

"ಆಗ್ಲಿ ಮೇಡಂ. ಯಾಕೆ ಅಂತ ಮೊದ್ಲು ಹೇಳಿ."

ಅವಳು ದುಡುದುಡು ಮೆಟ್ಟಿಲು ಹತ್ತಿ ಹೋಗಿ ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಿಬಿಟ್ಟಳು. ಹೊಸದು ಬೇಕಾದವರು ಗುರುತಿನ ಚೀಟಿ ಹಿಡಿದು ಹತ್ತರಿಂದ ಐದರೊಳಗೆ ಮೇಲೆ ಬರಬೇಕು. ಅದೇ ಹೊತ್ತಿನಲ್ಲಿ ಅವರೆಲ್ಲ ಯಂತ್ರದ ಮುಂದೆ ನಿಂತಿರುತ್ತಾರೆ ಎಂಬುದು ಅವಳ ಸಿಟ್ಟಿಗೆ ನೆನಪಾಗಲಿಲ್ಲ.

ಅಂದು ಮನೆಯಲ್ಲಿ ಪಾತ್ರೆಗಳ ಗತಿ ಕೇಳುವಂತಿರಲಿಲ್ಲ.

"ಯಾರ ತಲೆ ಅಂತ ಅದನ್ನ ಕುಕ್ತಿದೀಯ?" ಎಂದಳು ಅಕ್ಕ.

"ಒಬ್ಬ ಫಿಟ್ಟರ್ ಇದಾನೆ. ಸೊಕ್ಕು ಅಂದ್ರೆ ಸೊಕ್ಕು!"

"ನೋಡೋಕೆ ಹೇಗಿದಾನೆ?"

"ಅಕ್ಕಾ!"

"ಅಲ್ವೇ, ಬರೀ ಸೊಕ್ಕಿಗೆ ಯಾರಾದ್ರೂ ಊಟ ಬಿಡ್ತಾರಾ?"

ಗುರುವಾರ ಬೆಳಿಗ್ಗೆ ಅವಳ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಎಣ್ಣೆ ಮೆತ್ತಿದ ಬೂಟಿನಲ್ಲೇ ಒಳಗೆ ಬಂದಿದ್ದ ಅವನು.

"ನಿಮ್ಮ ಸಿಟ್ಟು ಇದ್ದಿದ್ದು ನನ್ನ ಮೇಲೆ. ಬಾಗಿಲು ಹಾಕಿದ್ದು ಅವರಿಗೆ!"

"ಮೆಲ್ಲಗೆ ಮಾತಾಡಿ. ಏನಾಯ್ತು?"

"ಮೆಲ್ಲಗೆ? ಪ್ಯಾಕಿಂಗ್‌ನಲ್ಲಿ ಕೆಲಸ ಮಾಡೋ ದೊಡ್ಡಕ್ಕನ ಮಗಳಿಗೆ ಬೆಳಗಿನ ಜಾವದಿಂದ ಹೆರಿಗೆ ನೋವು. ರಜೆ ಹಾಕೋಣ ಅಂದ್ರೆ ಪಾಸ್‌ವರ್ಡ್ ಇಲ್ಲ. ಹೇಳದೆ ಉಳಿದ್ರೆ ಎಚ್ಚರಿಕೆ ಪತ್ರ. ಅವರಿಗೆ ಈಗಾಗ್ಲೇ ಎರಡು ಬಂದಿದೆ, ಮೂರನೇದಕ್ಕೆ ಕೆಲಸದಿಂದ ತೆಗೀತಾರೆ. ಮಗಳು ಆಸ್ಪತ್ರೇಲಿ ಒದ್ದಾಡ್ತಿದಾಳೆ, ಅವರು ಕೆಳಗೆ ಬಾಟಲಿ ಜೋಡಿಸ್ತಿದಾರೆ. ಬಂದು ನೋಡಿ!"

ಅವಳು ಓಡಿದಳು.

ದೊಡ್ಡಕ್ಕನ ಕೈ ಬಾಟಲಿ ಜೋಡಿಸುತ್ತಲೇ ಇತ್ತು, ಕಣ್ಣು ಸುರಿಯುತ್ತಲೇ ಇತ್ತು. ಅವಳು ಆ ಹಳೆಯ ಕಂಪ್ಯೂಟರ್ ಮುಂದೆ ಕುಳಿತು, ದೊಡ್ಡಕ್ಕನಿಗೊಂದು ಹೊಸ ಪಾಸ್‌ವರ್ಡ್ ಹಾಕಿ ರಜೆ ಅರ್ಜಿಯನ್ನು ಒತ್ತಿದಳು. ಅರ್ಜಿ ತೆರೆಯಲಿಲ್ಲ. ಪರದೆಯ ತುಂಬ ಅವಳದ್ದೇ ಬರಹ ಬಂದು ನಿಂತಿತು. ಅಂದಿನ ತಲೆಬರಹ 'ಕುಟುಂಬವೇ ಮೊದಲು'. ಕೆಳಗೆ ಪ್ರಶ್ನೆ: ಓದಿ ಹೇಗನ್ನಿಸಿತು?

ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಕೋಪ ಬಂತು. ಹಲ್ಲು ಕಚ್ಚಿ, ತನ್ನ ಕೈಯಾರೆ, 'ತುಂಬಾ ಚೆನ್ನಾಗಿದೆ' ಎಂದು ಬರೆದಳು. ಆಮೇಲಷ್ಟೇ ಅರ್ಜಿ ತೆರೆಯಿತು.

ಗೇಟಿನವರೆಗೂ ದೊಡ್ಡಕ್ಕನ ಜೊತೆ ಹೋದಳು. "ತಪ್ಪಾಯ್ತು ದೊಡ್ಡಕ್ಕ..."

"ತಪ್ಪೇ ಕಣಮ್ಮ," ಎಂದರು ದೊಡ್ಡಕ್ಕ ಮುಲಾಜಿಲ್ಲದೆ. "ಬರೆಯೋದು ಅಷ್ಟು ಚೆಂದ ಬರೀತೀಯ, ಬುದ್ಧಿ ಎಲ್ಲಿಟ್ಟಿದ್ದೆ?"

"ನೀವು... ಓದ್ತೀರಾ?"

"ನಾವೆಲ್ಲಿ ಓದೋಣ? ಊಟದ ಹೊತ್ತಿಗೆ ನಮ್ಮ ಚೀಟಿ ಅಣ್ಣ ಓದಿ ಹೇಳ್ತಾನೆ, ದಿನಾ. ಆಮೇಲೆ ನಿನ್ನ ಜೊತೆ ಜಗಳ ಆಡೋನ ಹಾಗೆ ಏನೋ ಬರೀತಾನೆ."

ಅವಳು ನಿಂತುಬಿಟ್ಟಳು. "ನಾನೂರ ಹದಿನೇಳು ಯಾರ ಸಂಖ್ಯೆ?"

"ಅವನದ್ದೇ. ಅಂಗಿ ಮೇಲೇ ಇದೆಯಲ್ಲ. ನೀನು ಮುಖಕ್ಕೆ ಬೈದು ಹೋದೆ, ಅಂಗಿ ನೋಡ್ಲಿಲ್ಲ."

ದೊಡ್ಡಕ್ಕನನ್ನು ಕೂರಿಸಿಕೊಂಡು ಆಟೋ ಹೊರಟುಹೋಯಿತು. ಅವಳಿಗೆ ಅಳಬೇಕೋ, ನಗಬೇಕೋ ತಿಳಿಯಲಿಲ್ಲ. ಅವನು ಸುಳ್ಳಾಗಿರಲಿಲ್ಲ... ಅವನ ಬಾಯಿಂದ ಕೇಳುತ್ತಿದ್ದ ಅರವತ್ತೆರಡು ಜನರೂ ಸುಳ್ಳಾಗಿರಲಿಲ್ಲ! ಆದರೆ ಅದನ್ನು ತೋರಿಸುವ ಯಾವ ಅಂಕಿಯೂ ಅವಳ ಬಳಿ ಇರಲಿಲ್ಲ. ಹಾಲ್‌ಗೆ ಮರಳಿದಾಗ ಅವನು ಯಂತ್ರದೊಳಗೆ ತಲೆ ತೂರಿಸಿದ್ದ. ತಿರುಗಿ ಕೂಡ ನೋಡಲಿಲ್ಲ.

ಶುಕ್ರವಾರದ ಸಭೆಯಲ್ಲಿ ತೊಂಬತ್ತೈದು ಎಂಬ ಅಂಕಿ ಪರದೆಯ ಮೇಲೆ ಬಂದಾಗ ಚಪ್ಪಾಳೆ ಬಿತ್ತು.

"ಚಪ್ಪಾಳೆ ಬೇಡ. ಇದು ಸುಳ್ಳು," ಎಂದಳು.

ನಿರ್ದೇಶಕರ ಹುಬ್ಬು ಗಂಟಾಯಿತು. "ಯಾರು ಮಾಡಿದ್ದು? ಹೆಸರು ಹೇಳಿ."

"ನಾನು. ಜನ ಬರ್ಲಿಲ್ಲ ಅಂತ ಅವರ ರಜೆಯನ್ನೇ ಒತ್ತೆ ಇಟ್ಕೊಂಡೆ ಸರ್. ರಜೆ ಬೇಕಾದವರು ಹೊಗಳಿದ್ರು, ಅಷ್ಟೇ. ಇಲ್ಲಿ ಕೂತಿರೋ ನಮ್ಮಲ್ಲಿ ಒಬ್ಬರಾದ್ರೂ ಕೆಳಗೆ ಹೋಗಿ, ಅವರಿಗೆ ಕಂಪ್ಯೂಟರ್ ಇದೆಯಾ ಅಂತ ಕೇಳಿದ್ವಾ?"

ನಿರ್ದೇಶಕರು ಮೇಜು ಕುಟ್ಟಿದರು. ಅವಳೂ ಜಗ್ಗಲಿಲ್ಲ. ಬಲವಂತದ ಲೈಕ್ ತೆಗೆಯಬೇಕು. ಟೀ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಡಬೇಕು. ಚೀಟಿಯಲ್ಲಿ ಬರೆದ ರಜೆಯನ್ನೂ ಒಪ್ಪಬೇಕು. ಒಂದು ಗಂಟೆ ಕೂಗಾಟದ ನಂತರ ಮೂರಕ್ಕೂ ಒಪ್ಪಿಗೆ ಸಿಕ್ಕಿತು. ಕಾಯಂ ಕೆಲಸ ಮಾತ್ರ ಸಿಗಲಿಲ್ಲ. ಗುತ್ತಿಗೆ ಇನ್ನು ಮೂರು ತಿಂಗಳು, ಅಷ್ಟೇ.

ಮುಂದಿನ ವಾರ ಟೀ ಕೋಣೆಗೆ ಕಂಪ್ಯೂಟರ್ ಬಂದವು. ಮೊದಲ ದಿನದ ಸಂಜೆ ನೋಡಿದರೆ ಪಾಳಿ ಪಟ್ಟಿಯನ್ನು ಎಲ್ಲರೂ ತೆರೆದಿದ್ದರು. ಅವಳ ಬರಹ ತೆರೆದವರು ಹನ್ನೊಂದು ಜನ. ಅವರಲ್ಲಿ ನಾನೂರ ಹದಿನೇಳು ಇರಲಿಲ್ಲ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಬಂದರೆ ಅವನು ಖಾಲಿ ಕೋಣೆಯಲ್ಲಿ ಒಬ್ಬನೇ, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಬೋಲ್ಟ್ ಬಿಗಿಯುತ್ತಿದ್ದ.

"ಯಾಕೆ ಓದಿಲ್ಲ?"

"ಬಲವಂತ ಇಲ್ಲ ಅಂತ ನೀವೇ ನೋಟೀಸ್ ಹಾಕಿದ್ರಲ್ಲ."

"ತಮಾಷೆ ಬೇಡ!"

ಅವನು ಸ್ಪ್ಯಾನರನ್ನು ಕೆಳಗೆ ಕುಕ್ಕಿ ಎದ್ದು ನಿಂತ. "ತಮಾಷೆ ಯಾರಿಗೆ ಬೇಕು? ತಪ್ಪೆಲ್ಲ ನಂದು ಅಂತ ಸಭೆಯಲ್ಲಿ ಹೇಳಿ ಬಂದ್ರಂತೆ. ಯಾರನ್ನ ಕೇಳಿ ಹೇಳಿದ್ರಿ? ಅವತ್ತೇ ನಿಮ್ಮನ್ನ ಕೆಲಸದಿಂದ ತೆಗೆದಿದ್ರೆ? ನಿಮ್ಮ ಪಾಡಿಗೆ ನೀವು ಹೋಗಿಬಿಡ್ತಿದ್ರಿ. ಮಾರನೇ ದಿನದಿಂದ ನಾನು ಯಾರನ್ನ ಓದ್ಬೇಕಿತ್ತು?"

ಅವನು ಬಾಗಿಲ ಕಡೆ ಕೈ ತೋರಿಸಿದ.

"ಆ ಸಿಟ್ಟಿಗೆ ತೆರೀಲಿಲ್ಲ. ಬೆಳಿಗ್ಗೆಯಿಂದ ಹತ್ತು ಸಲ ಈ ಬಾಗಿಲಿಗೆ ಬಂದು ವಾಪಸ್ ಹೋಗಿದೀನಿ. ಸಾಕಾ?"

"ಸಾಕಾಗಲ್ಲ!" ಅವಳ ಕಣ್ಣು ತುಂಬಿತು. "ನಾನು ಯಾರಿಗೆ ಬರೀತಿದ್ದೆ ಅಂದ್ಕೊಂಡ್ರಿ? ಒಂದು ತಿಂಗಳು ಪ್ರತಿ ಸಾಲೂ ನಾನೂರ ಹದಿನೇಳಕ್ಕೇ ಬರೆದಿದ್ದು. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆಗ್ಲೇ ನಿಮ್ಮ ಮೇಲೆ..."

"ಸಿಟ್ಟಾ?"

"ಪ್ರೀತಿ ರೀ! ಸಿಟ್ಟು ಆಮೇಲೆ ಬಂದಿದ್ದು!"

ಅವನ ಮುಖದ ಬಿಗಿ ಮೊದಲ ಸಲ ಸಡಿಲಾಯಿತು. ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಅವಳ ಬೆರಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ನಿಮ್ಮ ಮನೇಲಿ ಯಾರ ಹತ್ರ ಮಾತಾಡ್ಬೇಕು?"

"ಅಕ್ಕನ ಹತ್ರ."

"ಅವರೂ ಹೀಗೇ ಕೂಗಾಡ್ತಾರಾ?"

"ಇಲ್ಲ. ನಮ್ಮನೇಲಿ ಕೂಗಾಡೋದು ನಾನೊಬ್ಬಳೇ."

"ಹಾಗಿದ್ರೆ ಭಾನುವಾರ ಬರ್ತೀನಿ. ಅಲ್ಲೀವರೆಗೆ ಈ ಸಿಟ್ಟು ಇರುತ್ತಾ?"

"ಇರುತ್ತೆ. ನೀನು ಬರದೇ ಹೋದ್ರೆ ಇನ್ನೂ ಜಾಸ್ತಿ ಇರುತ್ತೆ!"

"ಬರ್ತೀನಿ," ಎಂದ ಅವನು, ಮೆಲ್ಲಗೆ. "ಬೈಸ್ಕೊಳೋಕಾದ್ರೂ ಬರ್ತೀನಿ."