ಸ್ಪ್ಯಾನರ್‌ಗಳಿಗೆ ಇವತ್ತು ರಜಾ

“ಕಪ್ಪೆ ಬಂತು, ದಾರಿ ಬಿಡ್ರೋ!”

ಪಕ್ಕದ ಮನೆಯ ಮುನೀಂದ್ರ ಕಾಂಪೌಂಡ್ ಮೇಲೆ ಕೂತು ಕೂಗಿದ. ಧನುಶ್ರೀಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಒಂದೇ ವರ್ಷದಲ್ಲಿ ಅವಳು ಉದ್ದ ಬೆಳೆದಿದ್ದಳು, ಸೈಕಲ್ ಸೀಟು ಮಾತ್ರ ಹಳೇ ಜಾಗದಲ್ಲೇ ಇತ್ತು. ಪೆಡಲ್ ತುಳಿದರೆ ಮಂಡಿ ಹ್ಯಾಂಡಲ್‌ಗೆ ಬಡಿಯುತ್ತಿತ್ತು.

ಅವತ್ತು ಆಯುಧ ಪೂಜೆ. ಸಂಜೆ ಐದಕ್ಕೆ ದಾಸರಹಳ್ಳಿಯ ಅವರ ಬೀದಿಯ ಮಕ್ಕಳೆಲ್ಲ ಹೂವು ಕಟ್ಟಿದ ಸೈಕಲ್‌ಗಳಲ್ಲಿ ಒಂದು ರೌಂಡ್ ಹೋಗುತ್ತಾರೆ. ಅಷ್ಟರೊಳಗೆ ಸೀಟು ಮೇಲೇರದಿದ್ದರೆ ಇಡೀ ಬೀದಿಗೆ ಅವಳು ಕಪ್ಪೆಯೇ.

“ತಾತ, ಅಲೆನ್ ಕೀ ಕೊಡು, ಪ್ಲೀಸ್.”

ತಾತ ಪಿಳ್ಳಪ್ಪ ಬಾಗಿಲಲ್ಲೇ ಕಾವಲು ಕೂತಿದ್ದರು. ಒಳಗೆ ಸುತ್ತಿಗೆ, ಸ್ಪ್ಯಾನರ್, ಸೀಟಿನ ಬೋಲ್ಟ್ ಬಿಚ್ಚುವ ಆರು ಮೂಲೆಯ ಅಲೆನ್ ಕೀ, ಕತ್ತರಿ, ಧನುಶ್ರೀಯ ಜಾಮಿಟ್ರಿ ಬಾಕ್ಸ್ ಕೂಡ, ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು.

“ಇವತ್ತು ಅವಕ್ಕೆಲ್ಲ ರಜಾ. ನಾಳೆವರ್ಗೂ ಮುಟ್ಟಂಗಿಲ್ಲ.”

“ರೌಂಡ್ ಇವತ್ತೇ ಇರೋದು ತಾತ!”

“ಇಂಗೇ ಓಗು. ಕಪ್ಪೆ ಏನು ಊರು ಸುತ್ತಲ್ವಾ?”

ಮಧ್ಯಾಹ್ನ ಒಬ್ಬಟ್ಟು ತಿಂದ ತಾತನಿಗೆ ಜೋಂಪು ಹತ್ತಿತು. ಧನುಶ್ರೀಯ ಕೈ ಒಳಗೆ ಹೋಯಿತು. ತಾತನ ಅಲೆನ್ ಕೀ ಮುಟ್ಟಲು ಧೈರ್ಯವಾಗದೆ ತನ್ನದೇ ಬಾಕ್ಸಿನ ಕಂಪಾಸನ್ನು ಹೊರಗೆ ತಂದಿತು. ಅದನ್ನು ಸೀಟಿನ ಬೋಲ್ಟಿನ ತೂತಿಗೆ ಹಾಕಿ ಹಲ್ಲು ಕಚ್ಚಿ ತಿರುಗಿಸಿದಳು. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಹಿಡಿದ ತೂತಿನ ಆರು ಮೂಲೆಗಳೂ ಸವೆದು ಗುಂಡಗಾದವು. ಮೇಲಾಗಿ ಕಂಪಾಸಿನ ಮುಳ್ಳು ಟಪ್ ಎಂದು ಮುರಿದು ಒಳಗೇ ಕೂತಿತು.

ಅವಳು ಕಂಪಾಸನ್ನು ಬಾಕ್ಸಿನಲ್ಲಿ ಬಚ್ಚಿಟ್ಟಳು. ‘ಸರಸ್ವತಿ ಖಂಡಿತ ನೋಡಿರ್ತಾಳೆ’ ಎಂದು ಭಯವಾಯಿತು.

ಮಹಡಿ ಮೇಲೆ ಬಾಡಿಗೆಗಿದ್ದ ಚನ್ನಕ್ಕ ಅಷ್ಟರಲ್ಲಿ ಕೆಳಗಿಳಿದು ಬಂದರು. ಅವರು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಷೀನ್ ನಡೆಸುವವರು. ಬಗ್ಗಿ ಬೋಲ್ಟನ್ನು ನೋಡಿದರು.

“ತೂತು ರೌಂಡ್ ಆಗೋಗಿದೆ ಕಣೇ. ಇನ್ನು ಅಲೆನ್ ಕೀ ಹಾಕಿದ್ರೂ ಜಾರುತ್ತೆ. ಸವೆದ ಬೋಲ್ಟ್ ಕಿತ್ತು ತೆಗೆಯೋ ಎಕ್ಸ್‌ಟ್ರಾಕ್ಟರ್ ಬೇಕು.”

ಮೇಲೆ ಹೋದವರು ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಬೆರಳುದ್ದದ ಉಕ್ಕಿನ ಕಡ್ಡಿ ಇತ್ತು. ತುದಿ ಚೂಪು, ಮೈತುಂಬ ಸುರುಳಿ ಗೀರು, ತಿರುಗಿಸಲು ಒಂದು ಹಿಡಿ.

ತಾತ ತಟ್ಟನೆ ಎಚ್ಚರವಾದರು. “ಏನಮ್ಮ ಚನ್ನಕ್ಕ, ಪೂಜೆ ದಿನ ಸಾಮಾನು ಇಡ್ಕಂಡಿದ್ದೀಯ?”

“ಇದನ್ನ ಪೂಜೆಗೇ ಇಟ್ಟಿಲ್ಲ ಯಜಮಾನ್ರೇ. ಟಿಫನ್ ಬ್ಯಾಗಲ್ಲೇ ಮರ್ತುಬಿಟ್ಟಿದ್ದೆ.”

ತಾತ ಗಡ್ಡ ಕೆರೆದುಕೊಂಡರು. “ಪೂಜೆ ಆಗ್ದಿದ್ರೆ ರಜಾನೂ ಇಲ್ಲ. ಕೆಲ್ಸ ಮಾಡ್ಲಿ ಬಿಡು.”

ಚನ್ನಕ್ಕ ಸೈಕಲನ್ನು ವಾಲಿಸಿ ತಟ್ಟಿದರು. ಮುರಿದ ಮುಳ್ಳು ಅವರ ಅಂಗೈಗೆ ಬಿತ್ತು. ಧನುಶ್ರೀ ತಾತನ ಕಡೆ ಕಳ್ಳನೋಟ ಬೀರಿದಳು.

“ಏನದು?” ಎಂದರು ತಾತ.

ಚನ್ನಕ್ಕ ಧನುಶ್ರೀಯ ಮುಖ ನೋಡಿ ಮುಷ್ಟಿ ಮುಚ್ಚಿದರು. “ತುಕ್ಕು.”

ಸುತ್ತಿಗೆಗೆ ರಜಾ ಇದ್ದುದರಿಂದ ಗುಂಡುಕಲ್ಲು ಡ್ಯೂಟಿಗೆ ಬಂತು. ಚನ್ನಕ್ಕ ಕಡ್ಡಿಯನ್ನು ತೂತಿಗೆ ಬಡಿದು ಕೂರಿಸಿದರು. “ಎಡಕ್ಕೆ ತಿರುಗ್ಸು. ತಿರುಗ್ಸಿದಷ್ಟೂ ಗಟ್ಟಿಯಾಗಿ ಕಚ್ಕೊಳುತ್ತೆ. ಆತುರ ಬೇಡ.”

ಧನುಶ್ರೀ ತಿರುಗಿಸಿದಳು. ಕಟ್ ಎಂದಿತು! ಬೋಲ್ಟು ಸಾಧು ಹಸುವಿನ ಹಾಗೆ ಹಿಂದೆಯೇ ಹೊರಗೆ ಬಂತು. ಚನ್ನಕ್ಕ ಕೈಯಲ್ಲೇ ಬಿಗಿಯುವ ಹೊಸ ಬೋಲ್ಟ್ ಕೊಟ್ಟರು. ಸೀಟು ಮೇಲೇರಿತು.

“ಒಂಟೆ ಬಂತು, ದಾರಿ ಬಿಡ್ರೋ!” ಎಂದ ಮುನೀಂದ್ರ. ಅವನನ್ನು ಮೆಚ್ಚಿಸಲು ಯಾರಿಗೂ ಸಾಧ್ಯವಿಲ್ಲ. ಧನುಶ್ರೀಗೆ ನಗು ಬಂತು.

ಎಕ್ಸ್‌ಟ್ರಾಕ್ಟರ್ ವಾಪಸ್ ಕೊಡಲು ಎತ್ತಿಕೊಂಡವಳು ಹಾಗೇ ನಿಂತಳು. ಹಿಡಿಯ ಸಂದಿಯಲ್ಲಿ ಕೆಂಪಗೆ ಕುಂಕುಮ ಮೆತ್ತಿತ್ತು. ಒಂದು ಸೇವಂತಿಗೆ ಎಸಳು ಕೂಡ ಅಂಟಿತ್ತು.

ಅವಳು ಚನ್ನಕ್ಕನನ್ನು ನೋಡಿದಳು. ಚನ್ನಕ್ಕ ಆಕಾಶ ನೋಡುತ್ತಿದ್ದರು.

“ಏನೇ ಅದು, ಕೆಂಪುಕ್ಕೆ?” ತಾತ ಕತ್ತು ಚಾಚಿದರು.

ಧನುಶ್ರೀ ಲಂಗದ ಅಂಚಿನಿಂದ ಅದನ್ನು ನಿಧಾನವಾಗಿ ಒರೆಸಿದಳು.

“ತುಕ್ಕು, ತಾತ.”